ಶಾಲೆಯ ತೋಟ, ಮಕ್ಕಳ ಸಭೆ: ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಪ್ರತಿ ವರ್ಷ ಜೂನ್ 5ರಂದು, ವಿಶ್ವ ಪರಿಸರ ದಿನದ ಅಂಗವಾಗಿ, ಶಾಲೆಗಳ ಆವರಣದಲ್ಲಿ ಗುಂಡಿ ತೋಡಿ ಸಸಿ ನೆಡಲಾಗುತ್ತದೆ. ಗಣ್ಯರು ಸಸಿಯ ಸುತ್ತ ನಿಲ್ಲುತ್ತಾರೆ; ಮಕ್ಕಳು ಹಿಂದೆ ಸಾಲಾಗಿ ನಿಲ್ಲುತ್ತಾರೆ; ಛಾಯಾಚಿತ್ರ ತೆಗೆಯಲಾಗುತ್ತದೆ. ಮುಂದಿನ ವರ್ಷ ಅದೇ ದಿನ ಅದೇ ಗುಂಡಿಯಲ್ಲಿ ಮತ್ತೊಂದು ಸಸಿ ನೆಟ್ಟ ಪ್ರಸಂಗಗಳು ಇಲ್ಲವೆಂದು ಎದೆಮುಟ್ಟಿ ಹೇಳುವ ಪಂಚಾಯಿತಿಗಳು ಕಡಿಮೆ. ನವೆಂಬರ್ ಬಂದೊಡನೆ ಮಕ್ಕಳ ಗ್ರಾಮಸಭೆಯ ಸಿದ್ಧತೆ ನಡೆಯುತ್ತದೆ. ಶಿಕ್ಷಕರು ಬರೆದುಕೊಟ್ಟ ಪ್ರಶ್ನೆಯನ್ನು ಏಳನೆಯ ತರಗತಿಯ ಬಾಲಕಿಯೊಬ್ಬಳು ಓದುತ್ತಾಳೆ. "ಪರಿಶೀಲಿಸಲಾಗುವುದು" ಎಂಬ ಉತ್ತರ ವೇದಿಕೆಯಿಂದ ಬರುತ್ತದೆ. ಚಪ್ಪಾಳೆಯೊಂದಿಗೆ ಸಭೆ ಮುಗಿಯುತ್ತದೆ.

ಒಣಗಿದ ಸಸಿಗೂ ಉತ್ತರ ದೊರೆಯದ ಪ್ರಶ್ನೆಗೂ ಮೂಲ ಕಾರಣ ಒಂದೇ. ಎರಡು ಸಂದರ್ಭಗಳಲ್ಲಿಯೂ ಮಕ್ಕಳು ಉಪಸ್ಥಿತರಿರುತ್ತಾರೆ, ಆದರೆ ಅವರ ಕೈಯಲ್ಲಿ ಯಾವ ಹೊಣೆಯೂ ಇರುವುದಿಲ್ಲ. ಸಸಿ ಯಾರದು, ಅದಕ್ಕೆ ನೀರು ಯಾರು ಹಾಕಬೇಕು, ನೀರು ಬಾರದಿದ್ದರೆ ಯಾರನ್ನು ಕೇಳಬೇಕು, ಕೇಳಿದ ಮೇಲೆ ಉತ್ತರ ಎಷ್ಟು ದಿನದೊಳಗೆ ಬರಬೇಕು ಎಂಬುದು ನಿಶ್ಚಯವಾಗಿರುವುದಿಲ್ಲ. ಶಾಲೆಯ ತೋಟವನ್ನೂ ಮಕ್ಕಳ ಸಭೆಯನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಎರಡೂ ಉಳಿಯುತ್ತವೆ ಎಂಬುದನ್ನು ತಮ್ಮ ಗಮನಕ್ಕೆ ತರುವುದೇ ಈ ಉಪನ್ಯಾಸದ ಉದ್ದೇಶ.

ಒಂದು ಶತಮಾನದ ಹಿಂದಿನ ಪಾಠ

ವಿದ್ಯಾರ್ಥಿಗಳ ಕೃಷಿ ಸಂಘಗಳ ಇತಿಹಾಸದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವ ಅತಿ ದೀರ್ಘವಾದವುಗಳಲ್ಲಿ ಒಂದು. 1902ರ ಜನವರಿ 15ರಂದು ಓಹಾಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಎ.ಬಿ. ಗ್ರಹಾಂ ಎಂಬ ಶಾಲಾ ಮೇಲ್ವಿಚಾರಕರು ಸುತ್ತಲಿನ ಹಳ್ಳಿಗಳ ಸುಮಾರು ಮೂವತ್ತು ಮಕ್ಕಳನ್ನು ನ್ಯಾಯಾಲಯ ಕಟ್ಟಡದ ನೆಲಮಾಳಿಗೆಯಲ್ಲಿ ಸೇರಿಸಿದರು. ಮಕ್ಕಳು ತಮ್ಮ ಹೊಲದ ಮಣ್ಣನ್ನು ಲಿಟ್ಮಸ್ ಕಾಗದದಿಂದ ಪರೀಕ್ಷಿಸುವುದು, ಮೆಕ್ಕೆಜೋಳದ ಉತ್ತಮ ಬೀಜವನ್ನು ಆಯ್ದು ಬಿತ್ತುವುದು, ತರಕಾರಿ ಬೆಳೆಯುವುದು ಇವೇ ಆ ಸಂಘದ ಕೆಲಸಗಳಾಗಿದ್ದವು.

ಆ ಕಾಲದಲ್ಲಿ ಕೃಷಿ ಕಾಲೇಜುಗಳ ಸಲಹೆಗಳನ್ನು ಅಲ್ಲಿನ ರೈತರು ಸುಲಭವಾಗಿ ನಂಬುತ್ತಿರಲಿಲ್ಲ. ಪುಸ್ತಕ ಓದಿದವರಿಗೆ ನೇಗಿಲಿನ ಕಷ್ಟವೇನು ಗೊತ್ತು ಎಂಬ ಮಾತು ಅಲ್ಲಿಯೂ ಇತ್ತು. ಆದರೆ ಸ್ವಂತ ಮಗ ಹೊಲದ ಒಂದು ಮೂಲೆಯಲ್ಲಿ ಒಂದು ಎಕರೆ ಮೆಕ್ಕೆಜೋಳ ಬೆಳೆದು ತಂದೆಯ ಇಳುವರಿಯನ್ನು ಮೀರಿಸಿದಾಗ ತಂದೆ ಸುಮ್ಮನಿರಲಾಗಲಿಲ್ಲ. 1910ರಲ್ಲಿ ದಕ್ಷಿಣ ಕ್ಯಾರೊಲಿನಾ ರಾಜ್ಯದ ಜೆರ್ರಿ ಮೂರ್ ಎಂಬ ಬಾಲಕ ಒಂದು ಎಕರೆಯಲ್ಲಿ 228 ಬುಷೆಲ್‌ಗೂ ಹೆಚ್ಚು, ಅಂದರೆ ಸುಮಾರು 58 ಕ್ವಿಂಟಲ್ ಮೆಕ್ಕೆಜೋಳ ಬೆಳೆದ. ಅದು ಅಲ್ಲಿನ ಸಾಮಾನ್ಯ ಇಳುವರಿಯ ಹಲವು ಪಟ್ಟು. ಅದೇ ವರ್ಷ ಅದೇ ರಾಜ್ಯದ ಏಕನ್ ಜಿಲ್ಲೆಯಲ್ಲಿ ಮೇರಿ ಕ್ರೋಮರ್ ಎಂಬ ಶಿಕ್ಷಕಿ ಹೆಣ್ಣುಮಕ್ಕಳಿಗಾಗಿ ಟೊಮ್ಯಾಟೊ ಸಂಘ ಆರಂಭಿಸಿದರು. ಪ್ರತಿ ಬಾಲಕಿಗೂ ಎಕರೆಯ ಹತ್ತನೆಯ ಒಂದು ಭಾಗ, ಅಂದರೆ ನಾಲ್ಕು ಗುಂಟೆ ಭೂಮಿ. ಬೆಳೆದ ಹಣ್ಣನ್ನು ಡಬ್ಬಿಗಳಲ್ಲಿ ಸಂಸ್ಕರಿಸಿ ಮಾರಿದ ಹಣ ಆ ಬಾಲಕಿಯದೇ. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮದೆಂದು ಹೇಳಿಕೊಳ್ಳಬಹುದಾದ ಮೊದಲ ಸಂಪಾದನೆ ಅದಾಗಿತ್ತು.

1914ರಲ್ಲಿ ಅಲ್ಲಿನ ಸಂಸತ್ತು ಅಂಗೀಕರಿಸಿದ ಸ್ಮಿತ್-ಲಿವರ್ ಕಾಯಿದೆಯು ಕೃಷಿ ವಿಸ್ತರಣಾ ಸೇವೆಗೆ ರಾಷ್ಟ್ರೀಯ ರೂಪ ಕೊಟ್ಟಿತು. ಈ ಚಿಕ್ಕ ಸಂಘಗಳೆಲ್ಲ ಆ ಸೇವೆಯ ಆಶ್ರಯದಲ್ಲಿ 'ಫೋರ್-ಎಚ್' ಎಂಬ ಹೆಸರಿನಲ್ಲಿ ಬೆಳೆದವು. ವಿಸ್ತರಣಾಧಿಕಾರಿಯ ಮಾತಿಗಿಂತ ಮಗುವಿನ ಮಡಿಯಲ್ಲಿ ಕಣ್ಣಿಗೆ ಕಂಡ ಬೆಳೆ ಹೆಚ್ಚು ಜನರನ್ನು ಒಪ್ಪಿಸಿತು ಎಂಬುದು ಈ ಇತಿಹಾಸದ ಮೊದಲ ಪಾಠ.

ಸಭೆ ನಡೆಸುವುದೂ ಒಂದು ಬೇಸಾಯ

ಎರಡನೆಯ ಪಾಠ ಪ್ರೌಢಶಾಲೆಗಳಿಗೆ ಸಂಬಂಧಿಸಿದ್ದು. 1928ರಲ್ಲಿ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ 18 ರಾಜ್ಯಗಳಿಂದ ಬಂದ 33 ವಿದ್ಯಾರ್ಥಿಗಳು ಸೇರಿ 'ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ' ಎಂಬ ಸಂಘಟನೆಯನ್ನು ಸ್ಥಾಪಿಸಿದರು. ಇಂದು ಅದರ ಸದಸ್ಯ ವಿದ್ಯಾರ್ಥಿಗಳ ಸಂಖ್ಯೆ ಹತ್ತು ಲಕ್ಷವನ್ನು ದಾಟಿದೆ. ಈ ಸಂಘಟನೆಯ ಶಿಕ್ಷಣಕ್ರಮಕ್ಕೆ ಮೂರು ಅಂಗಗಳಿವೆ: ತರಗತಿಯ ಪಾಠ, ಪ್ರತಿ ವಿದ್ಯಾರ್ಥಿಯ ಸ್ವಂತ ಕೃಷಿ ಪ್ರಯೋಗ ಮತ್ತು ಸಂಘದ ಸಭೆ. ಸ್ವಂತ ಪ್ರಯೋಗವೆಂದರೆ ಒಂದು ಕರು ಸಾಕುವುದಿರಬಹುದು, ಅರ್ಧ ಎಕರೆ ಬೆಳೆ ಇರಬಹುದು. ಆದರೆ ಅದರ ಖರ್ಚು, ಆದಾಯ, ಕೆಲಸದ ಗಂಟೆ, ನಷ್ಟ ಎಲ್ಲವನ್ನೂ ವಿದ್ಯಾರ್ಥಿಯೇ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು.

ಅವರ ಸಭೆಯ ಪದ್ಧತಿ ಪಂಚಾಯಿತಿ ಸದಸ್ಯರಿಗೆ ವಿಶೇಷವಾಗಿ ಆಸಕ್ತಿ ಹುಟ್ಟಿಸುವಂಥದು. ಪ್ರತಿ ಪದಾಧಿಕಾರಿಗೂ ಸಭಾಂಗಣದಲ್ಲಿ ಗೊತ್ತಾದ ಸ್ಥಾನವೂ ಲಾಂಛನವೂ ಇವೆ. ಅಧ್ಯಕ್ಷರ ಸ್ಥಾನದಲ್ಲಿ ಉದಯಿಸುವ ಸೂರ್ಯ, ಉಪಾಧ್ಯಕ್ಷರ ಬಳಿ ನೇಗಿಲು, ಕಾರ್ಯದರ್ಶಿಯ ಬಳಿ ಮೆಕ್ಕೆಜೋಳದ ತೆನೆ. ಸಲಹೆಗಾರ ಶಿಕ್ಷಕರ ಬಳಿ ಇರುವುದು ಗೂಬೆಯ ಚಿತ್ರ. ಗೂಬೆ ಅಲ್ಲಿ ಅಪಶಕುನವಲ್ಲ, ಜ್ಞಾನದ ಸಂಕೇತ. ದ್ವಾರಪಾಲಕನೆಂಬ ಪದಾಧಿಕಾರಿಗೆ ಬಾಗಿಲ ಬಳಿ ಸ್ಥಾನ. ಬಂದವರನ್ನು ಸ್ವಾಗತಿಸುವುದು, ಸಭಾಂಗಣದ ಅನುಕೂಲ ನೋಡಿಕೊಳ್ಳುವುದು ಅವನ ಹೊಣೆ. ಸಭೆ ಆರಂಭವಾಗುವಾಗ ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಕರ್ತವ್ಯವೇನೆಂದು ಗಟ್ಟಿಯಾಗಿ ಹೇಳಬೇಕು. ನಿರ್ಣಯ ಮಂಡಿಸುವುದು, ಅನುಮೋದಿಸುವುದು, ತಿದ್ದುಪಡಿ ಸೂಚಿಸುವುದು, ಮತಕ್ಕೆ ಹಾಕುವುದು, ಸೋತ ಮೇಲೂ ಬಹುಮತದ ತೀರ್ಮಾನದಂತೆ ನಡೆಯುವುದು ಇವನ್ನೆಲ್ಲ ಹದಿನೈದು ಹದಿನಾರರ ವಯಸ್ಸಿನಲ್ಲಿಯೇ ಅಭ್ಯಾಸ ಮಾಡಿಸುತ್ತಾರೆ. ನಡಾವಳಿ ಬರೆಯುವುದರಲ್ಲಿ, ಸಭೆ ನಡೆಸುವುದರಲ್ಲಿ ಸ್ಪರ್ಧೆಗಳೇ ನಡೆಯುತ್ತವೆ.

ಮೂರನೆಯ ಪಾಠ ಕಹಿಯಾದುದು. ಈ ಸಂಘಟನೆಯ ರಾಷ್ಟ್ರೀಯ ಸದಸ್ಯತ್ವ 1969ರವರೆಗೆ ಹೆಣ್ಣುಮಕ್ಕಳಿಗೆ ದೊರೆಯಲಿಲ್ಲ. ಜನಾಂಗಭೇದವಿದ್ದ ರಾಜ್ಯಗಳಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳಿಗೆ 'ನ್ಯೂ ಫಾರ್ಮರ್ಸ್ ಆಫ್ ಅಮೆರಿಕ' ಎಂಬ ಪ್ರತ್ಯೇಕ ಸಂಘಟನೆ ಇತ್ತು. 1965ರಲ್ಲಿ ಸುಮಾರು 50,000 ಸದಸ್ಯರಿದ್ದ ಆ ಸಂಘಟನೆಯನ್ನು ದೊಡ್ಡ ಸಂಘಟನೆಯೊಳಗೆ ವಿಲೀನಗೊಳಿಸಲಾಯಿತು. ಬಾಗಿಲು ತೆರೆಯಿತು, ಆದರೆ ಒಳಗಿನ ಪೀಠಗಳು ಹಳಬರ ಕೈಯಲ್ಲಿಯೇ ಉಳಿದವು. ತಮ್ಮ ಸಂಘದಲ್ಲಿ ಅಧ್ಯಕ್ಷರೂ ಕಾರ್ಯದರ್ಶಿಗಳೂ ಆಗಿದ್ದವರು ಹೊಸ ಸಂಘದಲ್ಲಿ ಹಿಂದಿನ ಸಾಲಿಗೆ ಸರಿದರು. ಅವರ ಸಂಖ್ಯೆಯೂ ಕ್ರಮೇಣ ಕುಗ್ಗಿತು. ಸೇರಿಸಿಕೊಂಡರೆ ಸಾಲದು, ಅಧಿಕಾರದ ಸ್ಥಾನವನ್ನೂ ಕಾಯ್ದಿರಿಸಬೇಕೆಂಬುದನ್ನು ಮೀಸಲಾತಿಯ ಮಹತ್ವ ಬಲ್ಲ ಪಂಚಾಯಿತಿ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕರ್ನಾಟಕದಲ್ಲಿ ಈಗಾಗಲೇ ಇರುವುದು

ಹೊಸ ಯೋಜನೆಯೊಂದನ್ನು ಹೊರಗಿನಿಂದ ತರುವ ಅಗತ್ಯವಿಲ್ಲ. ದುಡಿಮೆಯ ಮೂಲಕ ಶಿಕ್ಷಣವೆಂಬ ವಿಚಾರವನ್ನು ಗಾಂಧೀಜಿಯವರು 1937ರ ವಾರ್ಧಾ ಸಮ್ಮೇಳನದಲ್ಲಿಯೇ ದೇಶದ ಮುಂದಿಟ್ಟರು. 2001-02ರಲ್ಲಿ ಆರಂಭವಾದ ರಾಷ್ಟ್ರೀಯ ಹಸಿರು ಪಡೆಯ ಅಡಿಯಲ್ಲಿ ಶಾಲೆಗಳಲ್ಲಿ ಪರಿಸರ ಸಂಘಗಳಿವೆ. ಬಿಸಿಯೂಟ ಯೋಜನೆಯಡಿ ಶಾಲಾ ಪೌಷ್ಟಿಕ ತೋಟಗಳಿಗೆ ಉತ್ತೇಜನವಿದೆ. ಶಾಲಾ ಸಂಸತ್ತು ಇದೆ, ಎಸ್‌ಡಿಎಂಸಿ ಇದೆ, ಮಕ್ಕಳ ಗ್ರಾಮಸಭೆ ಇದೆ. 1990ರ ದಶಕದಲ್ಲಿಯೇ ಕುಂದಾಪುರ ತಾಲ್ಲೂಕಿನ ಕೆರಾಡಿ ಮೊದಲಾದ ಗ್ರಾಮಗಳಲ್ಲಿ ದುಡಿಯುವ ಮಕ್ಕಳೂ ಸೇರಿ ಚುನಾಯಿಸಿದ ಮಕ್ಕಳ ಪಂಚಾಯಿತಿಗಳು ನಡೆದವು. ತಮ್ಮ ಊರಿನ ಸಮಸ್ಯೆಗಳನ್ನು ಮಕ್ಕಳು ತಾವೇ ಸಮೀಕ್ಷೆ ಮಾಡಿ ಹಿರಿಯರ ಪಂಚಾಯಿತಿಯ ಮುಂದಿಟ್ಟರು.

ಕೊರತೆ ಇರುವುದು ಇವುಗಳ ನಡುವಿನ ಕೊಂಡಿಯಲ್ಲಿ. ತೋಟ ಒಬ್ಬ ಶಿಕ್ಷಕರ ಆಸಕ್ತಿಯ ಮೇಲೆ ನಿಂತಿರುತ್ತದೆ. ಅವರು ವರ್ಗವಾದೊಡನೆ ಹಾಳಾಗುತ್ತದೆ. ಶಾಲಾ ಸಂಸತ್ತಿನಲ್ಲಿ ಕೃಷಿ ಮಂತ್ರಿ ಇರುತ್ತಾನೆ, ಆದರೆ ಅವನಿಗೆ ತೀರ್ಮಾನಿಸಲು ವಿಷಯವೇ ಇರುವುದಿಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಪ್ರಶ್ನೆ ಕೇಳುವ ಮಗುವಿಗೆ ತಾನು ಅಳೆದು ಕಂಡುಕೊಂಡ ವಿಷಯವಿರುವುದಿಲ್ಲ. ತೋಟ, ಸಂಸತ್ತು, ಗ್ರಾಮಸಭೆ ಮೂರನ್ನೂ ಒಂದು ವಿದ್ಯಾರ್ಥಿ ಕೃಷಿ ಸಂಘದಲ್ಲಿ ಕೂಡಿಸಬಹುದು.

ನೀರಿನ ಲೆಕ್ಕ

ಶಾಲೆಯ ತೋಟಗಳು ಸೋಲುವುದು ಹೆಚ್ಚಾಗಿ ನೀರಿನಲ್ಲಿ. ಆದ್ದರಿಂದ ಬೀಜ ತರುವುದಕ್ಕೆ ಮೊದಲು ನೀರಿನ ಲೆಕ್ಕ ಮಾಡಬೇಕು. ಒಂದು ಗುಂಟೆ ಎಂದರೆ ಸುಮಾರು 100 ಚದರ ಮೀಟರ್. ಒಣ ದಿನಗಳಲ್ಲಿ ತರಕಾರಿ ಮಡಿಗೆ ದಿನಕ್ಕೆ ನಾಲ್ಕರಿಂದ ಐದು ಮಿಲಿಮೀಟರ್ ನೀರು ಬೇಕು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಹಾಗಾಗಿ ಒಂದು ಗುಂಟೆಗೆ ದಿನಕ್ಕೆ 400ರಿಂದ 500 ಲೀಟರ್. 15 ಲೀಟರ್ ಕೊಡದಲ್ಲಿ ಹೊತ್ತು ಹಾಕಿದರೆ ಸುಮಾರು ಮೂವತ್ತು ಕೊಡ. ಇದನ್ನು ಮಕ್ಕಳ ಸೊಂಟದ ಮೇಲೆ ಹೊರಿಸುವ ತೋಟ ಒಂದು ತಿಂಗಳೂ ಬಾಳುವುದಿಲ್ಲ, ಬಾಳಬಾರದು ಕೂಡ.

ಆದರೆ ಅದೇ ಶಾಲೆಯಲ್ಲಿ ನೂರು ಮಕ್ಕಳು ಬಿಸಿಯೂಟಕ್ಕೆ ಕೈ ತೊಳೆದು, ಉಂಡು ತಟ್ಟೆ ತೊಳೆಯುತ್ತಾರೆ. ಒಬ್ಬರಿಗೆ ಮೂರು ಲೀಟರ್ ಎಂದರೂ ದಿನಕ್ಕೆ 300 ಲೀಟರ್ ನೀರು ಗೋಡೆಯ ಬದಿಯಲ್ಲಿ ಕೊಚ್ಚೆಯಾಗಿ ನಿಲ್ಲುತ್ತದೆ, ಸೊಳ್ಳೆಗೆ ನೆಲೆಯಾಗುತ್ತದೆ. ಕೈತೊಳೆಯುವ ಕಟ್ಟೆಯಿಂದ ಒಂದು ಸಣ್ಣ ಕಾಲುವೆ, ಅನ್ನದ ಅಗುಳು ತಡೆಯುವ ಜಾಲರಿ, ಜಲ್ಲಿ ಮರಳು ತುಂಬಿದ ಒಂದು ಗುಂಡಿ ಇಷ್ಟಿದ್ದರೆ ಆ ನೀರು ಬಾಳೆ, ಪರಂಗಿ, ನುಗ್ಗೆ ಗಿಡಗಳ ಬುಡ ಸೇರುತ್ತದೆ. ಸೋಪಿನ ನೀರನ್ನು ಸೊಪ್ಪಿನ ಮಡಿಗೆ ಬಿಡಬಾರದು ಎಂಬುದೊಂದನ್ನು ಮಾತ್ರ ನೆನಪಿಡಬೇಕು.

ಚಾವಣಿಯ ನೀರನ್ನೂ ಲೆಕ್ಕ ಹಾಕಬಹುದು. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗುವ ಬಯಲುಸೀಮೆಯಲ್ಲಿ 100 ಚದರ ಮೀಟರ್ ಚಾವಣಿಯ ಮೇಲೆ 60,000 ಲೀಟರ್ ನೀರು ಬೀಳುತ್ತದೆ. ಐದನೆಯ ಒಂದು ಭಾಗ ನಷ್ಟವಾದರೂ 48,000 ಲೀಟರ್ ಉಳಿಯುತ್ತದೆ. ಅಷ್ಟನ್ನೂ ಹಿಡಿದಿಡುವ ತೊಟ್ಟಿ ದುಬಾರಿ. 10,000 ಲೀಟರ್ ತೊಟ್ಟಿಯೊಂದು ಮಳೆಗಾಲದಲ್ಲಿ ಹಲವು ಬಾರಿ ತುಂಬುತ್ತದೆ. ಒಮ್ಮೆ ತುಂಬಿದರೆ ಮಳೆ ಕೈಕೊಟ್ಟಾಗ ಮೂರು ವಾರ ತೋಟವನ್ನು ಕಾಯುತ್ತದೆ. ಬೇಸಗೆಯನ್ನು ಅದು ದಾಟಿಸಲಾರದು. ಇದನ್ನು ಮೊದಲೇ ಅರಿತರೆ ಬೇಸಗೆಯಲ್ಲಿ ತರಕಾರಿ ಇಟ್ಟು ಸೋಲುವ ಪ್ರಮೇಯ ಬರುವುದಿಲ್ಲ.

ಶಾಲೆಯ ಪಂಚಾಂಗ, ಬೆಳೆಯ ಪಂಚಾಂಗ

ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಶಾಲೆಗೆ ಬೀಗ ಬೀಳುತ್ತದೆ. ತೋಟವೂ ಆಗಲೇ ಸಾಯುತ್ತದೆ. ಬೆಳೆಯ ಯೋಜನೆ ಶಾಲೆಯ ವರ್ಷಕ್ಕೆ ಹೊಂದಿಕೊಂಡಿರಬೇಕು. ಜೂನ್ ಮೊದಲ ವಾರ ಹರಿವೆ, ಮೆಂತ್ಯ ಬಿತ್ತಿದರೆ 25ರಿಂದ 30 ದಿನಗಳಲ್ಲಿ ಸೊಪ್ಪು ಕೊಯ್ಲಿಗೆ ಬರುತ್ತದೆ. ತಾವು ಬಿತ್ತಿದ್ದು ತಿಂಗಳೊಳಗೆ ಸಾರಿನ ಪಾತ್ರೆ ಸೇರಿದ್ದನ್ನು ಕಂಡ ಚಿಕ್ಕ ಮಕ್ಕಳ ಉತ್ಸಾಹ ಮುಂದಿನ ಬೆಳೆಯವರೆಗೂ ನಿಲ್ಲುತ್ತದೆ. ಅದರ ಜೊತೆಗೆ ಬಿತ್ತಿದ ಬೆಂಡೆ ಒಂದೂವರೆ ತಿಂಗಳಿನ ಹೊತ್ತಿಗೆ ಕಾಯಿ ಬಿಡುತ್ತದೆ. ಅಲಸಂದೆ, ಹೀರೆ ಬೇಲಿಗೆ ಹಬ್ಬುತ್ತವೆ. ದಸರಾ ರಜೆಯ ನಂತರ ಟೊಮ್ಯಾಟೊ, ಬದನೆ, ಮೂಲಂಗಿಯ ಎರಡನೆಯ ಬೆಳೆ. ಫೆಬ್ರುವರಿ ಕೊನೆಗೆ ಕೊಯ್ಲು ಮುಗಿಸಿ, ಬೀಜಕ್ಕೆಂದು ಬಿಟ್ಟ ಕಾಯಿಗಳನ್ನು ಒಣಗಿಸಿ, ಮಡಿಗಳಿಗೆ ತರಗೆಲೆ ಹೊದಿಸಿ ನೆಲಕ್ಕೆ ವಿಶ್ರಾಂತಿ ಕೊಡಬೇಕು.

ಬೇಸಗೆಯಲ್ಲಿ ಉಳಿಯುವುದು ನುಗ್ಗೆ, ಕರಿಬೇವು, ನಿಂಬೆ, ಪರಂಗಿಯಂಥ ಗಿಡಗಳು ಮಾತ್ರ. ಹದಿನೈದು ಗಿಡಗಳಿಗೆ ವಾರಕ್ಕೆ ಎರಡು ಬಾರಿ ಹತ್ತು ಲೀಟರ್‌ನಂತೆ ಹಾಕಿದರೆ ವಾರಕ್ಕೆ 300 ಲೀಟರ್ ಸಾಕು. ಪಂಚಾಯಿತಿಯ ನೀರುಗಂಟಿಯು ವಾರದಲ್ಲಿ ಎರಡು ದಿನ ಶಾಲೆಯ ನಲ್ಲಿಗೆ ಅರ್ಧ ಗಂಟೆ ನೀರು ಬಿಟ್ಟರೆ ತೋಟ ಉಳಿಯುತ್ತದೆ. ಇಷ್ಟು ಸಣ್ಣ ವಿಷಯ ಬಾಯಿಮಾತಿನಲ್ಲಿದ್ದರೆ ಮರೆತುಹೋಗುತ್ತದೆ. ನಿರ್ಣಯ ಪುಸ್ತಕದಲ್ಲಿ ದಾಖಲಾದರೆ ನಡೆಯುತ್ತದೆ.

ತೋಟದಿಂದ ಅತಿಯಾದ ನಿರೀಕ್ಷೆಯೂ ಸಲ್ಲದು. ಬಿಸಿಯೂಟದಲ್ಲಿ ಪ್ರಾಥಮಿಕ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕ ತರಗತಿಯ ಮಗುವಿಗೆ 75 ಗ್ರಾಂ ತರಕಾರಿ ನಿಗದಿಯಾಗಿದೆ. ನೂರು ಚಿಕ್ಕ ಮಕ್ಕಳಿಗೆ ದಿನಕ್ಕೆ ಐದು ಕಿಲೋ. ಒಂದು ಗುಂಟೆ ಬೆಂಡೆ ಒಳ್ಳೆಯ ಆರೈಕೆಯಲ್ಲಿ ಒಂದು ಬೆಳೆಗೆ ಸುಮಾರು ಒಂದು ಕ್ವಿಂಟಲ್ ಕೊಡಬಹುದು. ಅದು ಇಪ್ಪತ್ತು ದಿನದ ಊಟಕ್ಕೆ ಸಾಕು. ಆದ್ದರಿಂದ ತೋಟವಿದೆ ಎಂಬ ಕಾರಣಕ್ಕೆ ತರಕಾರಿಯ ಸರಬರಾಜನ್ನು ಕಡಿಮೆ ಮಾಡಬಾರದು. ತೋಟ ಉಗ್ರಾಣವಲ್ಲ, ಪಾಠಶಾಲೆ. ಮೇಲಿನ ಲೆಕ್ಕಗಳನ್ನೆಲ್ಲ ಏಳನೆಯ ತರಗತಿಯ ಮಕ್ಕಳೇ ಮಾಡಬಲ್ಲರು ಎಂಬುದು ಅದರ ನಿಜವಾದ ಇಳುವರಿ.

ಮೂರು ಪುಸ್ತಕಗಳು

ಸಂಘ ನಡೆಯಲು ಮೂರು ಪುಸ್ತಕಗಳಿದ್ದರೆ ಸಾಕು. ಮೊದಲನೆಯದು ನಡಾವಳಿ ಪುಸ್ತಕ. ಹದಿನೈದು ದಿನಕ್ಕೊಮ್ಮೆ ಸಭೆ. ಯಾವ ಮಡಿಯಲ್ಲಿ ಏನು ಬಿತ್ತಬೇಕು, ಉಳಿದ ಸೊಪ್ಪನ್ನು ಏನು ಮಾಡಬೇಕು ಎಂಬುದನ್ನು ಮಕ್ಕಳೇ ಮತ ಹಾಕಿ ತೀರ್ಮಾನಿಸಬೇಕು. ತಪ್ಪು ತೀರ್ಮಾನವಾದರೆ ಬೆಳೆ ಹಾಳಾಗಲಿ. ಆ ನಷ್ಟವೂ ಪಾಠವೇ. ಎರಡನೆಯದು ಲೆಕ್ಕದ ಪುಸ್ತಕ. ಬೀಜಕ್ಕೆ ಕೊಟ್ಟ ಹತ್ತು ರೂಪಾಯಿಯೂ ಅದರಲ್ಲಿ ಬರಬೇಕು, ತಿಂಗಳಿಗೊಮ್ಮೆ ಗಟ್ಟಿಯಾಗಿ ಓದಬೇಕು. ಮೂರನೆಯದು ತೋಟದ ದಿನಚರಿ: ಬಿತ್ತಿದ ದಿನ, ಮೊಳೆತ ದಿನ, ಕಂಡ ಹುಳು, ಬಿದ್ದ ಮಳೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಅಳವಡಿಸಿದೆ. ಶಾಲೆಯಲ್ಲಿ ನೆಟ್ಟ ಸರಳ ಮಳೆಮಾಪಕದ ಅಂಕಿಯನ್ನು ಅದರ ಅಂಕಿಯೊಂದಿಗೆ ಹೋಲಿಸಿ ನೋಡುವ ಮಕ್ಕಳು ಮುಂದೆ ಬೆಳೆ ವಿಮೆಯ ಕಾಗದವನ್ನು ಓದಿ ಪ್ರಶ್ನಿಸಬಲ್ಲ ರೈತರಾಗುತ್ತಾರೆ.

2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಈ ದಾಖಲಾತಿಗೆ ಜೀವ ತುಂಬಬಲ್ಲವರು ಸಂಘದ ಮಕ್ಕಳು. ಮಟ್ಟುಗುಳ್ಳವಾಗಲಿ, ಈರನಗೆರೆ ಬದನೆಯಾಗಲಿ ತಮ್ಮ ಊರಿನ ಹೆಸರು ಹೊತ್ತು ಉಳಿದದ್ದು ಅಲ್ಲಿನವರು ಬೀಜ ಕಾಯ್ದುದರಿಂದ. ಬೂದಿ ಬೆರೆಸಿ ಸೋರೆ ಬುರುಡೆಯಲ್ಲಿ ಅಜ್ಜಿ ಇಟ್ಟಿರುವ ಅವರೆ ಯಾವುದು, ಅದರ ಹೆಸರೇನು, ಎಷ್ಟು ವರ್ಷದಿಂದ ಮನೆಯಲ್ಲಿದೆ ಎಂದು ಮೊಮ್ಮಗಳು ಕೇಳಿದರೆ ಅಜ್ಜಿ ಹೇಳುತ್ತಾಳೆ. ಅದೇ ಪ್ರಶ್ನೆಯನ್ನು ನಮೂನೆ ಹಿಡಿದ ಸಮೀಕ್ಷಕರು ಕೇಳಿದರೆ ಅಷ್ಟೊಂದು ಉತ್ತರ ಸಿಗುವುದಿಲ್ಲ.

ಸಗಣಿಯ ಬುಟ್ಟಿ ಯಾರ ತಲೆಯ ಮೇಲೆ?

ತೋಟದ ಕೆಲಸಗಳನ್ನು ಹಂಚುವಾಗ ಊರಿನ ಹಳೆಯ ಅಭ್ಯಾಸಗಳು ಶಾಲೆಯ ಗೇಟು ದಾಟಿ ಒಳಗೆ ಬರುತ್ತವೆ. ಗಂಡುಮಕ್ಕಳು ಅಧ್ಯಕ್ಷರಾಗುತ್ತಾರೆ, ಹೆಣ್ಣುಮಕ್ಕಳ ಕೈಗೆ ಪೊರಕೆ ಬರುತ್ತದೆ. ಗೊಬ್ಬರದ ಬುಟ್ಟಿಯನ್ನು ಸದಾ ಒಂದೇ ಕೇರಿಯ ಮಕ್ಕಳು ಹೊರುತ್ತಾರೆ. ಇದು ನಡೆಯುವ ಸಂಘ ಇಲ್ಲದಿರುವುದೇ ಲೇಸು. ಕೆಲಸದ ಸರದಿ ಹಾಜರಿ ಪುಸ್ತಕದ ಕ್ರಮದಲ್ಲಿ ಬರಬೇಕು. ಗೊಬ್ಬರ ಹೊರುವ ಸರದಿ ಅಧ್ಯಕ್ಷನಿಗೂ ಇರಬೇಕು, ಸಭೆ ನಡೆಸುವ ಸರದಿ ಹಿಂದಿನ ಬೆಂಚಿನ ಬಾಲಕಿಗೂ ಇರಬೇಕು. ಪದಾಧಿಕಾರಿಗಳು ವರ್ಷಕ್ಕೆ ಎರಡು ಬಾರಿ ಬದಲಾಗಬೇಕು. ಅಧ್ಯಕ್ಷ, ಕಾರ್ಯದರ್ಶಿ ಸ್ಥಾನಗಳಲ್ಲಿ ಒಂದು ಸದಾ ಹೆಣ್ಣುಮಕ್ಕಳಿಗೆ ಮೀಸಲಾಗಿರಬೇಕು. ಪಂಚಾಯಿತಿಯ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯು ವರ್ಷಕ್ಕೊಮ್ಮೆ ಈ ಸರದಿ ಪಟ್ಟಿಯನ್ನು ತರಿಸಿ ನೋಡುವುದು ಅದರ ಕರ್ತವ್ಯಕ್ಕೆ ಒಪ್ಪುವ ಕೆಲಸ.

"ಮಣ್ಣು ಹೊರುವುದು ನಮ್ಮ ಕಾಲಕ್ಕೇ ಸಾಕು, ಮಕ್ಕಳಾದರೂ ಓದಲಿ" ಎಂದು ಕೂಲಿ ಮಾಡುವ ತಾಯ್ತಂದೆಯರು ಹೇಳುವುದುಂಟು. ಆ ಮಾತಿನ ಹಿಂದೆ ಬದುಕಿನ ನೋವಿದೆ. ಅದನ್ನು ಸೋಮಾರಿತನವೆಂದು ಭಾವಿಸಬಾರದು. ಸಂಘದ ಕೆಲಸ ವಾರಕ್ಕೆ ಎರಡು ಮೂರು ಗಂಟೆ ಮೀರಬಾರದು, ಪಾಠದ ಅವಧಿಯನ್ನು ಕಬಳಿಸಬಾರದು, ಶಿಕ್ಷೆಯ ರೂಪದಲ್ಲಿ ಎಂದಿಗೂ ಬರಬಾರದು. ಕೀಟನಾಶಕ, ಸಿಂಪಡಣೆ ಯಂತ್ರ, ಕಟ್ಟೆಯಿಲ್ಲದ ಬಾವಿ ಇವು ಮಕ್ಕಳ ಹತ್ತಿರ ಸುಳಿಯಬಾರದು. ಕೊಳವೆಬಾವಿಯ ವಿದ್ಯುತ್ ಗುಂಡಿಯನ್ನು ಮಕ್ಕಳು ಮುಟ್ಟಬಾರದು. ಶಾಲೆಯ ಶೌಚಾಲಯ ಸ್ವಚ್ಛಗೊಳಿಸುವುದು ಸಂಘದ ಕೆಲಸಗಳ ಪಟ್ಟಿಯಲ್ಲಿ ಯಾವ ಹೆಸರಿನಿಂದಲೂ ಸೇರಬಾರದು. ಈ ಗೆರೆ ಸ್ಪಷ್ಟವಾಗಿದ್ದರೆ ತಾಯ್ತಂದೆಯರ ಅನುಮಾನ ತಾನಾಗಿ ಕರಗುತ್ತದೆ.

ಇನ್ನೊಂದು ಮಾತನ್ನೂ ಅವರಿಗೆ ತಿಳಿಸಬೇಕು. ಈ ಸಂಘ ಕೂಲಿಕಾರರ ಮಕ್ಕಳನ್ನು ಕೂಲಿಯಲ್ಲಿಯೇ ನಿಲ್ಲಿಸಲು ಬಂದದ್ದಲ್ಲ. ಅಮೆರಿಕದ ಆ ಸಂಘಟನೆಯೂ 1988ರಲ್ಲಿ ತನ್ನ ಹೆಸರಿನಲ್ಲಿದ್ದ 'ರೈತ' ಎಂಬ ಪದವನ್ನು ಸಂಕ್ಷೇಪಾಕ್ಷರದಲ್ಲಿ ಮಾತ್ರ ಉಳಿಸಿಕೊಂಡಿತು. ಸದಸ್ಯರಲ್ಲಿ ವಿಜ್ಞಾನಿ, ವ್ಯಾಪಾರಿ, ಪಶುವೈದ್ಯರಾಗುವವರೂ ಇರುತ್ತಾರೆಂಬುದನ್ನು ಅದು ಒಪ್ಪಿಕೊಂಡಿತು. ತುಂಡು ಭೂಮಿಯೂ ಇಲ್ಲದ ಮನೆಯ ಮಗು ಇಲ್ಲಿ ಲೆಕ್ಕ ಬರೆಯಲು, ಹಿರಿಯರ ಎದುರು ನಿಂತು ಮಾತನಾಡಲು, ಅಳೆದು ಹೇಳಲು ಕಲಿಯುತ್ತದೆ. ಆ ವಿದ್ಯೆ ಯಾವ ವೃತ್ತಿಗೆ ಹೋದರೂ ಜೊತೆಗಿರುತ್ತದೆ.

ಲಿಖಿತ ಉತ್ತರದ ಬೆಲೆ

ಇಷ್ಟೆಲ್ಲ ಮಾಡಿದ ಸಂಘ ನವೆಂಬರ್‌ನಲ್ಲಿ ಮಕ್ಕಳ ಗ್ರಾಮಸಭೆಗೆ ಬಂದಾಗ ಅದರ ಪ್ರಶ್ನೆ ಬೇರೆಯಾಗಿರುತ್ತದೆ. "ನೀರಿನ ವ್ಯವಸ್ಥೆ ಮಾಡಿಕೊಡಿ" ಎಂಬ ಬಾಯಿಪಾಠದ ಬದಲು, "ಆಗಸ್ಟ್‌ನಲ್ಲಿ ಹನ್ನೆರಡು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ, ದಿನಾಂಕಗಳು ಇಲ್ಲಿವೆ" ಎಂದು ದಿನಚರಿ ತೆರೆದು ತೋರಿಸುತ್ತದೆ. ಇಂಥ ಪ್ರಶ್ನೆಯಿಂದ ಸದಸ್ಯರಿಗೆ ಮುಜುಗರವಾಗಬಹುದು. ಆದರೆ ಅಂಥ ಪ್ರಶ್ನೆಯೇ ಪಂಚಾಯಿತಿಗೆ ಉಪಯುಕ್ತ. ಅದಕ್ಕೆ ಕೊಡುವ ಉತ್ತರ ಲಿಖಿತವಾಗಿರಬೇಕು. ಆಗುವ ಕೆಲಸವಾದರೆ ಯಾವ ತಿಂಗಳಲ್ಲಿ, ಯಾವ ಅನುದಾನದಿಂದ ಎಂದು ಹೇಳಬೇಕು. ಆಗದ ಕೆಲಸವಾದರೆ ಏಕೆ ಆಗದು ಎಂಬುದನ್ನೂ ಮಕ್ಕಳಿಗೆ ಅರ್ಥವಾಗುವ ಮಾತಿನಲ್ಲಿ ಬರೆಯಬೇಕು. "ಆಗುವುದಿಲ್ಲ" ಎಂಬ ಪ್ರಾಮಾಣಿಕ ಉತ್ತರವನ್ನು ಮಕ್ಕಳು ಸಹಿಸುತ್ತಾರೆ. ಉತ್ತರವೇ ಬಾರದಿದ್ದರೆ ಸಭೆ ಎಂಬುದು ನಾಟಕ ಎಂಬ ತೀರ್ಮಾನಕ್ಕೆ ಬರುತ್ತಾರೆ; ಆ ತೀರ್ಮಾನವನ್ನು ದೊಡ್ಡವರಾದ ಮೇಲೂ ಬದಲಿಸುವುದಿಲ್ಲ. ಗ್ರಾಮಸಭೆಗೆ ಜನ ಬರುವುದಿಲ್ಲ, ಕೋರಂ ತುಂಬುವುದಿಲ್ಲ ಎಂಬ ಇಂದಿನ ಕೊರಗಿನ ಬೇರು ಎಲ್ಲಿದೆ ಎಂಬುದನ್ನು ಇಲ್ಲಿ ಯೋಚಿಸಬೇಕು.

ಮುಂದಿನ ಸಾಮಾನ್ಯ ಸಭೆಗೆ ಐದು ನಿರ್ಣಯಗಳು

ಪ್ರತಿ ಗ್ರಾಮ ಪಂಚಾಯಿತಿ ತನ್ನ ಮುಂದಿನ ಸಾಮಾನ್ಯ ಸಭೆಯಲ್ಲಿ ಕೆಳಗಿನ ವಿಷಯಗಳನ್ನು ಪರಿಶೀಲಿಸಬಹುದು.

1. ವ್ಯಾಪ್ತಿಯ ಒಂದು ಹಿರಿಯ ಪ್ರಾಥಮಿಕ ಅಥವಾ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಹಾಗೂ ಎಸ್‌ಡಿಎಂಸಿಯ ಒಪ್ಪಿಗೆಯೊಂದಿಗೆ ವಿದ್ಯಾರ್ಥಿ ಕೃಷಿ ಸಂಘ ಆರಂಭಿಸುವುದು. ಎಲ್ಲ ಶಾಲೆಗಳಲ್ಲಿ ಒಮ್ಮೆಗೇ ಆರಂಭಿಸಿ ಕೈಬಿಡುವುದಕ್ಕಿಂತ ಒಂದರಲ್ಲಿ ಮೂರು ವರ್ಷ ನಡೆಸುವುದು ಮೇಲು.

2. ಶಾಲೆಗೆ ನೀರು ಬಿಡುವ ದಿನ, ವೇಳೆ ಮತ್ತು ಹೊಣೆಗಾರ ನೌಕರರನ್ನು, ಬೇಸಗೆ ರಜೆಯೂ ಸೇರಿದಂತೆ, ನಿರ್ಣಯದಲ್ಲಿ ನಮೂದಿಸುವುದು.

3. ಆವರಣ ಗೋಡೆ ಅಥವಾ ಬೇಲಿ, ಕೈತೊಳೆಯುವ ಕಟ್ಟೆಯ ಬಚ್ಚಲು ಕಾಲುವೆ, ಮಳೆನೀರು ತೊಟ್ಟಿ, ಎರೆಗೊಬ್ಬರ ತೊಟ್ಟಿ ಇವುಗಳನ್ನು ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಿಸುವುದು. ಉದ್ಯೋಗ ಖಾತರಿಯಡಿ ಶಾಲಾ ಆವರಣದ ಇಂಥ ಕೆಲಸಗಳು ರಾಜ್ಯದ ಅನೇಕ ಕಡೆ ನಡೆದಿವೆ. ಜಾರಿಯಲ್ಲಿರುವ ಮಾರ್ಗಸೂಚಿಯನ್ನು ನೋಡಿ ಅಂದಾಜು ಪಟ್ಟಿ ತಯಾರಿಸಬೇಕು.

4. ರೈತ ಸಂಪರ್ಕ ಕೇಂದ್ರ, ತೋಟಗಾರಿಕೆ ಇಲಾಖೆ ಮತ್ತು ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ವರ್ಷಕ್ಕೆ ಎರಡು ಬಾರಿಯಾದರೂ ಶಾಲೆಗೆ ಕರೆಸುವುದು; ಪಂಚಾಯಿತಿ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ಸಂಘದ ಮಕ್ಕಳಿಗೆ ಸಭೆ ಸೇರಲು ಸ್ಥಳಾವಕಾಶ ಮತ್ತು ಕೃಷಿ ಪುಸ್ತಕಗಳನ್ನು ಒದಗಿಸುವುದು.

5. ಮಕ್ಕಳ ಗ್ರಾಮಸಭೆಯ ಪ್ರತಿ ಪ್ರಶ್ನೆಗೆ ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ನೀಡುವುದು. ಮುಂದಿನ ವರ್ಷದ ಮಕ್ಕಳ ಗ್ರಾಮಸಭೆಯಲ್ಲಿ ಮೊದಲ ವಿಷಯವಾಗಿ ಹಿಂದಿನ ವರ್ಷದ ಅನುಪಾಲನಾ ವರದಿಯನ್ನು ಓದುವುದು.

ಸದಸ್ಯ ಬಂಧುಗಳೇ, ಇಂದು ಏಳನೆಯ ತರಗತಿಯಲ್ಲಿರುವ ಹನ್ನೆರಡು ವರ್ಷದ ಬಾಲಕಿ ಇನ್ನು ಆರು ವರ್ಷಕ್ಕೆ ಮತದಾರಳಾಗುತ್ತಾಳೆ; ಒಂಬತ್ತು ವರ್ಷಕ್ಕೆ ಪಂಚಾಯಿತಿ ಚುನಾವಣೆಗೆ ನಿಲ್ಲಲು ಅರ್ಹಳಾಗುತ್ತಾಳೆ. ಪಂಚಾಯಿತಿಯ ಅವಧಿಯಲ್ಲಿ ಹೇಳುವುದಾದರೆ ಎರಡು ಅವಧಿಯೂ ಪೂರ್ಣವಾಗಿ ಕಳೆದಿರುವುದಿಲ್ಲ. ಸ್ಥಾನಗಳಲ್ಲಿ ಶೇಕಡ 50ರಷ್ಟು ಮಹಿಳೆಯರಿಗೆ ಮೀಸಲಾಗಿರುವ ಈ ರಾಜ್ಯದಲ್ಲಿ ತಾವು ಇಂದು ಕುಳಿತಿರುವ ಕುರ್ಚಿಗೆ ನಾಳೆ ಬರುವವಳು ಅವಳೇ ಆಗಿರಬಹುದು. ಅವಳು ಬರುವಾಗ ನಡಾವಳಿ ಓದಲು, ಲೆಕ್ಕ ಕೇಳಲು, ತನ್ನ ಮಾತನ್ನು ತಾನೇ ಆಡಲು ಕಲಿತು ಬರುತ್ತಾಳೆಯೋ, ಮತ್ತೊಬ್ಬರು ಬರೆದುಕೊಟ್ಟದ್ದನ್ನು ಓದುತ್ತಾಳೆಯೋ ಎಂಬುದು ಬಹುಮಟ್ಟಿಗೆ ಈ ವರ್ಷದ ತೀರ್ಮಾನಗಳ ಮೇಲೆ ನಿಂತಿದೆ.

ಜೂನ್ ತಿಂಗಳ ಮೊದಲ ಮಳೆಗೆ ಮುನ್ನ ಒಂದು ಗುಂಟೆ ನೆಲ ಹಸನಾಗಲಿ. ಒಂದು ನಡಾವಳಿ ಪುಸ್ತಕ ಮಕ್ಕಳ ಕೈ ಸೇರಲಿ. ಉಳಿದುದನ್ನು ಅವರು ಮುಂದುವರಿಸುತ್ತಾರೆ.